ಓಬಮ್ಮನ ಮಗ ಕ್ಲೌಡ್ ಕಾಯ್ದದ್ದು

ಚಳ್ಳಕೆರೆಯ ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ! ಆಸ್ಪತ್ರೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಸುಕನ್ಯಕ್ಕ ಅವನಿಗೊಂದು ಕೆಲಸ ಕೊಟ್ಟಳು. ಓಬಮ್ಮ ಕಣ್ಣಲ್ಲಿ ನೀರು ತಂದುಕೊಂಡು ಕೈ ಮುಗಿದಳು.

ಮೊದಲ ದಿನವೇ ಸುಕನ್ಯಕ್ಕ ಪೆನ್‌ಡ್ರೈವ್ ಕೊಟ್ಟಳು. "ಇದನ್ನ ಕ್ಲೌಡಿಗೆ ಏರಿಸು."

ಕ್ಲೌಡ್ ಅಂದ್ರೆ ಮೋಡ. ತಿಪ್ಪೇಶ ಅದನ್ನ ಗಾಳಿಪಟಕ್ಕೆ ಕಟ್ಟಿ ಹಾರಿಸಿದ!

"ಅಯ್ಯೋ ಪೆದ್ದಪ್ಪ! ಕ್ಲೌಡ್ ಅಂದ್ರೆ ಇಲ್ಲಿರೋ ಈ ಯಂತ್ರಗಳೇ ಕಣೋ, ಒಂದಾಗಿ ದುಡಿಯೋವು. ಒಂದಕ್ಕೆ ಭಾರ ಜಾಸ್ತಿ ಆದ್ರೆ ಪಕ್ಕದ್ದಕ್ಕೆ ದಾಟಿಸ್ಬೇಕು!"

"ಹಂಗೇ ಆಗ್ಲಿ ಅಕ್ಕಾ!"

ಮಾರನೇ ದಿನ ಸಂತೆಬೀದಿಯಲ್ಲಿ ಒಬ್ಬ ಅಜ್ಜಿ ಟೊಮೆಟೊ ಬುಟ್ಟಿ ಹೊತ್ತು ಏದುಸಿರು ಬಿಡುತ್ತಿದ್ದಳು. ತಿಪ್ಪೇಶ ಅರ್ಧ ಟೊಮೆಟೊ ತೆಗೆದು ಪಕ್ಕದ ಹೂವಾಡಗಿತ್ತಿಯ ಬುಟ್ಟಿಗೆ ಸುರಿದ! ಮಲ್ಲಿಗೆಯೆಲ್ಲ ಅಪ್ಪಚ್ಚಿ. ಇಬ್ಬರೂ ಸೇರಿ ಬೆನ್ನಿಗೆ ಗುದ್ದಿದರು. ಸುದ್ದಿ ಕೇಳಿ ಸುಕನ್ಯಕ್ಕ ಬೈದಳು.

"ಥೂ ನಿನ್ನ! ಕಂಡೋರ ಸಾಮಾನು ಮುಟ್ತಾರೇನೋ? ಸುಮ್ನೆ ಒಂದು ಕೆಲಸ ಮಾಡು. ರೋಗಿಗಳ ಸ್ಕ್ಯಾನ್ ಚಿತ್ರಗಳ ನಕಲು ಈ ಡಿಸ್ಕಲ್ಲಿದೆ. ಬೇರೆ ಕಡೆ ಭದ್ರವಾಗಿ ಇಡು!"

ಬೇರೆ ಕಡೆ ಅಂದ್ರೆ ಕೋಣೆಯ ಬೀರು ಅಂತ ಸುಕನ್ಯಕ್ಕನ ಲೆಕ್ಕ. ತಿಪ್ಪೇಶ ಮನೆಗೆ ಹೋಗಿ ಅವ್ವನ ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟ!

ಅವತ್ತೇ ಕೋಣೆಯಲ್ಲಿ ವೈರು ಸುಟ್ಟು ಬೆಂಕಿ. ಯಂತ್ರ, ಬೀರು ಎಲ್ಲಾ ಬೂದಿ. ಅತ್ತ ಒಬ್ಬ ಬಾಣಂತಿಯ ತಲೆಗೆ ಆಪರೇಷನ್. ಚಿತ್ರವಿಲ್ಲದೆ ಡಾಕ್ಟರು ಕೈ ಹಾಕುವಂತಿಲ್ಲ.

"ಅವ್ವಾ, ಡಬ್ಬಿ!" ಅಂತ ಕೂಗುತ್ತಾ ತಿಪ್ಪೇಶ ಮನೆಗೆ ಓಡಿಬಂದ. ಓಬಮ್ಮ ಹಿಟ್ಟನ್ನೆಲ್ಲ ನೆಲಕ್ಕೆ ಸುರಿದು, ಡಿಸ್ಕನ್ನು ಸೆರಗಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದಳು. ಬಾಣಂತಿ ಉಳಿದಳು. ಅವಳ ಗಂಡ ಓಬಮ್ಮನ ಕಾಲಿಗೆ ಬಿದ್ದ. ಪೆದ್ದನನ್ನ ಹೆತ್ತದ್ದಕ್ಕೆ ಕೊರಗಿದ್ದವಳು ಅವತ್ತು ಎದೆ ತುಂಬಿ ಅತ್ತಳು.

ಹೊಸ ಯಂತ್ರಗಳು ಬಂದವು. "ನಿಮ್ಮ ಋಣ ದೊಡ್ಡದು ತಾಯಿ," ಅಂದಳು ಓಬಮ್ಮ ಸುಕನ್ಯಕ್ಕನಿಗೆ.

"ನನ್ನದೇನಿದೆ? ಈ ಕ್ಲೌಡ್ ಕಟ್ಟಿದೋರು ಯಾವ್ಯಾವ ದೇಶದೋರೋ! ಕಾಸು ಕೇಳದೆ ಇದರ ಪ್ರೋಗ್ರಾಂ ಬರೆದು, ಯಾರು ಬೇಕಾದ್ರೂ ಬಳಸಿ, ತಿದ್ದಿ ಅಂತ ಬಿಚ್ಚಿಟ್ಟಿದ್ದಾರೆ. ಅವರೆಲ್ಲ ಈ ಯಂತ್ರದ ಪೆಟ್ಟಿಗೆಯೊಳಗೇ ಇದ್ದಾರೆ ಅಂತ ತಿಳ್ಕೊಳ್ಳಿ."

ಓಬಮ್ಮ ಮನಸಾರೆ ಶಾವಿಗೆ ಪಾಯಸ ಕಾಸಿ ಮಗನ ಕೈಲಿ ಕೊಟ್ಟಳು. "ಉಪಕಾರ ಮಾಡಿದೋರಿಗೆ ಮೊದಲು ಬಡಿಸಪ್ಪಾ."

ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕೂಗು ಕೇಳಿತು.

"ಅವ್ವಾ! ಅಕ್ಕಾ! ಬನ್ನಿ! ಪೆಟ್ಟಿಗೆ ಸಂದಿಯಲ್ಲಿ ಪಾಯಸ ಹುಯ್ದೆ, ಒಳಗಿರೋರು ಉಣ್ತಾ ಇದ್ದಾರೆ! ಬಿಸಿ ಜಾಸ್ತಿ ಆಯ್ತೇನೋ ಪಾಪ, ಊದ್ತಾ ಇದ್ದಾರೆ... ನೋಡಿ, ಎಷ್ಟೊಂದು ಹೊಗೆ!"