ಎಡಮೂಲೆಯವನ ಒಂದು ವರ್ಷ

"ಗುರುಗಳೇ, ತಪ್ಪು ಮಾಡಿದವನಿಗೆ ಎಷ್ಟು ಶಿಕ್ಷೆ ಕೊಟ್ಟರೆ ನ್ಯಾಯ?" ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಚಿಕ್ಕಂದಿನಲ್ಲಿ ಆ ಗುರುಗಳ ಗರಡಿಯಲ್ಲಿ ಕಲಿತವನು. ಈಗ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕ. ವಿಶ್ವವಿದ್ಯಾಲಯದವರು ಅವನನ್ನು ಶಿಸ್ತು ಸಮಿತಿಗೆ ಹಾಕಿದ್ದರು. ಒಂದು ಖೋಖೋ ತಂಡದಲ್ಲಿ ಅರ್ಹತೆ ಇಲ್ಲದ ಹುಡುಗನೊಬ್ಬ ಆಡಿ ಸಿಕ್ಕಿಬಿದ್ದಿದ್ದ. ಮರುದಿನ ಅವನ ಮೇಲೆ ತೀರ್ಪು ಹೇಳಬೇಕಿತ್ತು.

"ಒಂದು ವರ್ಷ ಹೊರಗಿಟ್ಟರೆ ಸಾಕು ಅಂತ ಒಬ್ಬರು ಹೇಳ್ತಾರೆ. ಎರಡು ವರ್ಷ ಆಗಲೇಬೇಕು ಅಂತ ಇನ್ನೊಬ್ಬರು. ನಾನು ಯಾವುದಕ್ಕೆ ಕೈ ಎತ್ತಲಿ?"

ಗುರುಗಳು ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಅಳತೆ ಕೇಳೋಕೆ ಇಷ್ಟು ದೂರ ಬಂದೆಯಾ? ದರ್ಜಿ ಹತ್ರ ಹೋಗಿದ್ರೆ ಆಗ್ತಿತ್ತು. ಇರಲಿ, ಕೂತ್ಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಬಡ್ಡಿ ಆಟಗಾರನಿದ್ದ. ಅವನು ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ಎದುರಾಳಿ ದಾಳಿಗೆ ಬಂದಾಗ ಅವನ ಕಾಲಿಗೆ ಬಿದ್ದು ಹಿಡಿಯುವ ಕೆಲಸ ಮೂಲೆಯವನದು. ಆದರೆ ಮೂಲೆಯವನು ಒಂಟಿಯಾಗಿ ನಿಲ್ಲುವುದಿಲ್ಲ. ಪಕ್ಕದವನ ಕೈ ಹಿಡಿದೇ ನಿಂತಿರುತ್ತಾನೆ. ಒಬ್ಬ ಮುಂದೆ ಹೋದರೆ ಇನ್ನೊಬ್ಬನೂ ಹೋಗಬೇಕು, ಒಬ್ಬ ಹಿಂದೆ ಸರಿದರೆ ಇನ್ನೊಬ್ಬನೂ ಸರಿಯಬೇಕು. ಕಣ್ಣು ಎದುರಾಳಿಯ ಮೇಲೆ ಇರುತ್ತದೆ. ಪಕ್ಕದವನು ಏನು ಮಾಡುತ್ತಾನೆಂಬುದು ಕೈಯಿಂದಲೇ ತಿಳಿಯಬೇಕು.

ಇವನು ಒಂದು ವಿಶ್ವವಿದ್ಯಾಲಯವನ್ನು ಬಿಟ್ಟು ಇನ್ನೊಂದಕ್ಕೆ ಬಂದು ಸೇರಿದ. ಹಾಗೆ ಬಂದವನು ಒಂದು ವರ್ಷ ಆಡುವಂತಿಲ್ಲ ಎಂಬ ನಿಯಮವಿತ್ತು. ಒಳ್ಳೆಯ ಆಟಗಾರರನ್ನು ಸಂತೆಯಲ್ಲಿ ಎತ್ತು ಹಿಡಿದು ತಂದ ಹಾಗೆ ತರಬಾರದೆಂದು ಮಾಡಿದ ನಿಯಮ. ಸರಿಯಾದ ನಿಯಮವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಅವನಿಗೂ ತಕರಾರಿರಲಿಲ್ಲ. ಸಂಜೆ ಅಂಕಣದ ಬದಿಯಲ್ಲಿ ನಿಂತು ಉಳಿದವರ ಆಟ ನೋಡಿಕೊಂಡು ಹಾಸ್ಟೆಲಿಗೆ ಹೋಗುತ್ತಿದ್ದ. ಹೊಸ ಊರು, ಹೊಸ ಜನ. ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಟೂರ್ನಿ ಹತ್ತಿರ ಬಂದಾಗ ಆ ತಂಡದ ಎಡಮೂಲೆಯ ಆಟಗಾರ ಕಾಲು ಮುರಿದುಕೊಂಡ. ತಂಡದ ನಾಯಕ ಇವನ ಕೋಣೆಗೆ ಬಂದ. ಮೂಲೆಯವನ ಪಕ್ಕದಲ್ಲಿ ಕೈ ಹಿಡಿದು ನಿಲ್ಲುವವನು ನಾಯಕನೇ. ಅವನಿಗೆ ಜೊತೆ ಬೇಕಿತ್ತು.

"ಇದೊಂದೇ ಟೂರ್ನಿ, ಬಾರೋ. ಯಾರು ಕೇಳ್ತಾರೆ?" ಎಂದ.

"ನಿಯಮ ಇದೆಯಲ್ಲಣ್ಣ."

"ಏನಾದ್ರೂ ಆದ್ರೆ ನಾವೆಲ್ಲ ಇದ್ದೀವಲ್ಲ."

ಆ ಮಾತಿಗೆ ಅವನು ಸೋತ. ಟೂರ್ನಿಯ ಕಪ್ಪಿನ ಆಸೆಗೆ ಸೋತಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಅಷ್ಟು ದಿನ ಒಂಟಿಯಾಗಿದ್ದವನಿಗೆ 'ನಾವೆಲ್ಲ' ಎಂದರೆ ಏನು ಸುಖ, ಅದು ಒಂಟಿಯಾಗಿದ್ದವನಿಗೇ ಗೊತ್ತು. ಮರುದಿನ ಅವನು ತಂಡದ ಅಂಗಿ ತೊಟ್ಟು ಅಂಕಣಕ್ಕೆ ಇಳಿದ. ಅವನು ಆಡುವಂತಿಲ್ಲ ಎಂದು ತಂಡದ ಎಲ್ಲರಿಗೂ ಗೊತ್ತಿತ್ತು. ಒಬ್ಬನೂ ಬೇಡ ಎನ್ನಲಿಲ್ಲ. ಅವನು ಚೆನ್ನಾಗಿ ಆಡಿದ. ತಂಡ ಗೆದ್ದಿತು. ಹಾಸ್ಟೆಲಿನ ಅಡುಗೆಯವನಿಂದ ಪಾಯಸ ಮಾಡಿಸಿ, ಅದನ್ನು ಕಪ್ಪಿಗೆ ಸುರಿದು, ಎಲ್ಲರೂ ಅದರಲ್ಲೇ ಒಂದೊಂದು ಗುಟುಕು ಕುಡಿದರು. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ಎಡಮೂಲೆಯವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು.

ಸೋತವರು ದೂರು ಕೊಟ್ಟರು. ಸಮಿತಿ ಕುಳಿತಿತು. ಅರ್ಹತೆ ಇಲ್ಲದೆ ಆಡಿದವನಿಗೆ ಶಿಕ್ಷೆ, ತಿಳಿದೂ ತಿಳಿದೂ ಆಡಿಸಿದವರಿಗೂ ಶಿಕ್ಷೆ. ಅದೂ ನಿಯಮದಲ್ಲೇ ಇತ್ತು. ಹುಡುಗರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬೊಬ್ಬರನ್ನೇ ಒಳಗೆ ಕರೆದರು. "ನಿನಗೆ ಗೊತ್ತಿತ್ತೇನಪ್ಪಾ?" ಎಂದು ಕೇಳಿದರು. ಮೊದಲನೆಯವನು "ಇಲ್ಲ ಸಾರ್" ಎಂದ. ಅವನಿಗೆ ಪೊಲೀಸ್ ಭರ್ತಿಯಲ್ಲಿ ಕ್ರೀಡಾ ಕೋಟಾ ಬೇಕಿತ್ತು. ಎರಡನೆಯವನೂ "ಇಲ್ಲ ಸಾರ್" ಎಂದ. ಅವನಿಗೆ ಮನೆಯಲ್ಲಿ ಅಪ್ಪನ ಹೆದರಿಕೆ. ಹೀಗೆ ಒಬ್ಬೊಬ್ಬನಿಗೆ ಒಂದೊಂದು ಕಾರಣ. ಮೊದಲೇ ಮಾತಾಡಿಕೊಂಡು ಬಂದವರೇನಲ್ಲ. ಬಾಗಿಲು ದಾಟುವವರೆಗೂ ನಿಜ ಹೇಳಬೇಕೆಂದೇ ಇದ್ದವರೂ ಅವರಲ್ಲಿದ್ದರು. ನಾಯಕನಿಗೆ ರಾಜ್ಯ ತಂಡದ ಆಯ್ಕೆ ಮುಂದಿತ್ತು. ಅವನೂ "ಗೊತ್ತಿರಲಿಲ್ಲ ಸಾರ್" ಎಂದು ಹೇಳಿ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತ.

ಕೊನೆಗೆ ಎಡಮೂಲೆಯವನನ್ನು ಕರೆದರು. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯ. ಹುಡುಗನನ್ನು ಕೂರಿಸಿ, ನೀರು ಕೊಟ್ಟು, "ನಿನ್ನನ್ನು ಆಡು ಅಂತ ಹೇಳಿದವರು ಯಾರು?" ಎಂದು ಕೇಳಿದರು. ಬಾಗಿಲು ತೆರೆದಿತ್ತು. ಬೆಂಚಿನ ತುದಿಯಲ್ಲಿ ನಾಯಕ ನೆಲ ನೋಡುತ್ತಾ ಕುಳಿತಿದ್ದು ಇವನಿಗೆ ಕಾಣುತ್ತಿತ್ತು.

"ಯಾರೂ ಇಲ್ಲ ಸಾರ್. ನಾನೇ ಆಡಿದೆ" ಎಂದ.

ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಅಷ್ಟು ಜನ ಒಂದೇ ಮಾತು ಹೇಳಿ, ತಪ್ಪಿತಸ್ಥನೂ ಅದನ್ನೇ ಹೇಳಿದರೆ ಸಮಿತಿ ತಾನೇ ಏನು ಮಾಡೀತು? ಕಪ್ಪು ವಾಪಸು ಕೊಡಬೇಕು, ಗೆದ್ದ ಆಟಗಳೆಲ್ಲ ರದ್ದು, ಎಡಮೂಲೆಯವನು ಒಂದು ವರ್ಷ ಆಡುವಂತಿಲ್ಲ ಎಂದು ತೀರ್ಪಾಯಿತು. ವರ್ಷ ಮುಗಿದ ಮೇಲೆ ಅವನು ಎಲ್ಲರಂತೆ ಆಟಗಾರ, ಈ ತಪ್ಪನ್ನು ಯಾರೂ ಅವನ ಮೇಲೆ ಮತ್ತೆ ಹೊರಿಸಬಾರದು ಎಂದು ಅಧ್ಯಕ್ಷರು ತಾವಾಗಿಯೇ ಸೇರಿಸಿದರು. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಅವನು ಶಿಕ್ಷೆಯನ್ನು ಒಪ್ಪಿಕೊಂಡ. ಆಡಬಾರದು ಎಂದರು, ಆಡಲಿಲ್ಲ. ಆದರೆ ಊಟ ಮಾಡಬೇಕಲ್ಲ. ಮೊದಲ ದಿನ ತಟ್ಟೆ ಹಿಡಿದು ತಂಡದವರ ಮೇಜಿಗೆ ಹೋದ. ಒಬ್ಬ ಸಾರು ಹಾಕಿಸಿಕೊಂಡು ಬರುತ್ತೇನೆ ಎಂದು ಎದ್ದ. ಇನ್ನೊಬ್ಬ ನೀರಿಗೆ ಎದ್ದ. ಉಳಿದವರು ಬೇಗ ಬೇಗ ಉಂಡು ಕೈ ತೊಳೆದರು. ಯಾರೂ ಅವನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಬರಬರುತ್ತಾ ತಂಡದವರು ಅವನಿಗಿಂತ ಮೊದಲೇ ಊಟಕ್ಕೆ ಬಂದು ಹೋಗತೊಡಗಿದರು. ಅವನು ಬರುವ ಹೊತ್ತಿಗೆ ಮೇಜಿನ ಮೇಲೆ ಅವರು ಚೆಲ್ಲಿದ ಅನ್ನದ ಅಗುಳಿರುತ್ತಿತ್ತು.

ಅವರಿಗೆ ಅವನ ಮೇಲೆ ಸಿಟ್ಟು ಅಂದ್ಕೊಂಡೆಯಾ? ಇಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದು, ಜಗಳವಾಡಿ, ವಾರದಲ್ಲಿ ಸರಿಹೋಗುತ್ತಿದ್ದರು. ಅವನು ತಮ್ಮನ್ನು ಉಳಿಸಿದ ಎಂದು ಒಬ್ಬೊಬ್ಬನಿಗೂ ಗೊತ್ತಿತ್ತು. ಅವನ ಮುಖ ಕಂಡರೆ 'ಇಲ್ಲ ಸಾರ್' ಎಂದ ತಮ್ಮ ದನಿ ತಮಗೇ ಕೇಳಿಸುತ್ತಿತ್ತು. ಅದಕ್ಕೆ ಮುಖ ತಪ್ಪಿಸಿದರು. ಅವನಿಗೆ ಇದು ಗೊತ್ತಾಗಲಿಲ್ಲ. ತನ್ನಿಂದ ಇವರ ಕಪ್ಪು ಹೋಯಿತು, ಅದಕ್ಕೆ ನೊಂದಿದ್ದಾರೆ, ವರ್ಷ ಕಳೆದರೆ ಸರಿಹೋಗುತ್ತದೆ ಎಂದುಕೊಂಡ. ಆ ನಂಬಿಕೆಯಲ್ಲೇ ದಿನ ತಳ್ಳಿದ.

ಪೈಲ್ವಾನ ಒಬ್ಬನೇ ದಂಡ ಹೊಡೆಯಬಹುದು. ಓಟಗಾರ ಒಬ್ಬನೇ ಓಡಬಹುದು. ಕಬಡ್ಡಿಯಲ್ಲಿ ಮೂಲೆಯವನು ಒಬ್ಬನೇ ಏನು ಮಾಡುತ್ತಾನೆ? ಹಾಸ್ಟೆಲಿನ ಹಿಂದೆ ನೀರಿನ ತೊಟ್ಟಿಯ ಹತ್ತಿರ ಖಾಲಿ ಜಾಗವಿತ್ತು. ಅಲ್ಲಿ ಕಾಲಿನಿಂದ ಗೆರೆ ಎಳೆದು, ಎಡಮೂಲೆಯಲ್ಲಿ ನಿಂತು, ಬಲಗೈಯನ್ನು ಪಕ್ಕಕ್ಕೆ ಚಾಚುತ್ತಿದ್ದ. ಅಲ್ಲಿ ಯಾರ ಕೈಯೂ ಇರುತ್ತಿರಲಿಲ್ಲ. ಹಾಗೇ ಮುಂದೆ ಹೋಗುತ್ತಿದ್ದ, ಹಿಂದೆ ಸರಿಯುತ್ತಿದ್ದ. ನೋಡಿದವರು ನಕ್ಕರೋ ಬಿಟ್ಟರೋ ನನಗೆ ಗೊತ್ತಿಲ್ಲ.

ವರ್ಷ ಮುಗಿಯಿತು. ಅವನು ಆ ದಿನವೇ ಅಂಗಿ ತೊಟ್ಟು ಅಂಕಣಕ್ಕೆ ಹೋದ. ತಂಡದವರು ಎರಡು ಪಾಲಾಗಿ ಅಭ್ಯಾಸ ಮಾಡುತ್ತಿದ್ದರು. ಅವನು ನಾಯಕನ ಪಾಲಿನ ಕಡೆ, ಔಟಾದವರು ಕೂರುವ ಸಾಲಿನಲ್ಲಿ, ಎಲ್ಲರಿಗಿಂತ ಮುಂದೆ ಹೋಗಿ ಕುಳಿತ.

ಕಬಡ್ಡಿಯ ಪದ್ಧತಿ ನಿನಗೆ ಗೊತ್ತು. ಔಟಾದವನು ಸತ್ತ ಹಾಗೆ. ತನ್ನ ಕಡೆಯವರು ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಜೀವ ಬರುತ್ತದೆ. ಮೊದಲು ಔಟಾದವನು ಮೊದಲು ಒಳಗೆ. ತಾನಾಗಿ ಎದ್ದು ಒಳಗೆ ನಡೆಯುವ ಹಾಗಿಲ್ಲ. ಅವನು ಅಲ್ಲಿ ಕುಳಿತದ್ದಕ್ಕೆ ಏನು ಅರ್ಥ ಎಂದು ಎಲ್ಲರಿಗೂ ತಿಳಿಯಿತು.

ಸ್ವಲ್ಪ ಹೊತ್ತಿಗೆ ನಾಯಕನ ಪಾಲಿನವರು ಒಬ್ಬನನ್ನು ಹಿಡಿದರು. ಸಾಲಿನಿಂದ ಒಬ್ಬ ಏಳಬೇಕು. ಎಲ್ಲರೂ ನಾಯಕನ ಕಡೆ ನೋಡಿದರು. ಆ ಅಭ್ಯಾಸದಲ್ಲಿ ಅವನು ಕೈ ಮಾಡಿದವನು ಒಳಗೆ. ನಾಯಕನ ಕಣ್ಣು ಎಡಮೂಲೆಯವನ ಹತ್ತಿರ ಬಂತು, ನಿಲ್ಲದೆ ಮುಂದೆ ಹೋಯಿತು. ಅವನು ಎರಡನೆಯವನಿಗೆ ಕೈ ಮಾಡಿದ. ಎರಡನೆಯವನು ಹಿಂದೆ ಮುಂದೆ ನೋಡಿ ಎದ್ದು ಹೋದ. ಮತ್ತೊಬ್ಬನನ್ನು ಹಿಡಿದಾಗ ಮೂರನೆಯವನು ಎದ್ದು ಹೋದ.

ಎಡಮೂಲೆಯವನು ಮರುದಿನವೂ ಬಂದ. ಅದರ ಮರುದಿನವೂ ಬಂದ. ನೀನಾಗಿದ್ದರೆ ಎದ್ದು ಒಳಗೆ ನುಗ್ಗುತ್ತಿದ್ದೆ, ಅಲ್ಲವೇ? ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ. ಅವನು ನುಗ್ಗಲಿಲ್ಲ. ಒಮ್ಮೆ ನಿಯಮ ಮೀರಿ ಒಳಗೆ ಹೋಗಿದ್ದವನು ಅವನು. ಈ ಸಲ ಕರೆದರೆ ಮಾತ್ರ ಹೋಗಬೇಕೆಂದು ಕುಳಿತಿದ್ದ.

ಒಂದು ಸಂಜೆ ನಾಯಕ ಆಟ ಬಿಟ್ಟು ಅವನ ಹತ್ತಿರ ಬಂದ. ಉಳಿದವರೆಲ್ಲ ನಿಂತಲ್ಲೇ ನಿಂತರು. ಎಡಮೂಲೆಯವನು ಏಳಲು ನೆಲಕ್ಕೆ ಕೈ ಊರಿದ. ನಾಯಕನ ಬಾಯಿಗೆ ಏನೋ ಬಂತು, ಬಂದದ್ದು ಒಳಗೇ ಹೋಯಿತು. ಆಮೇಲೆ ಕೇಳಿದ:

"ಊಟ ಆಯ್ತಾ?"

"ಆಯ್ತು" ಎಂದ ಎಡಮೂಲೆಯವನು.

ಇನ್ನೂ ಬಿಸಿಲಿತ್ತು. ಹಾಸ್ಟೆಲಿನಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾಯಕ ತೋಳಿನಿಂದ ಮುಖ ಒರೆಸಿಕೊಂಡು ಅಂಕಣಕ್ಕೆ ತಿರುಗಿ ಹೋದ.

ಮರುದಿನ ಎಡಮೂಲೆಯವನು ಬರಲಿಲ್ಲ. ಹಾಸ್ಟೆಲ್ ಬಿಟ್ಟ, ಆ ಊರನ್ನೂ ಬಿಟ್ಟ. ಆಮೇಲೆ ಅವನು ಎಲ್ಲಿಯೂ ಆಡಿದ್ದನ್ನು ಕಂಡವರಿಲ್ಲ. ನಾಯಕ ರಾಜ್ಯ ತಂಡಕ್ಕೆ ಆಯ್ಕೆಯಾದ, ಚೆನ್ನಾಗಿಯೇ ಆಡಿದ. ಕತೆ ಎಂದ ಮೇಲೆ ಅವನಿಗೆ ಏನಾದರೂ ಕೆಟ್ಟದಾಗಬೇಕಿತ್ತು ಎಂದು ನಿನಗೆ ಅನ್ನಿಸಬಹುದು. ಏನೂ ಆಗಲಿಲ್ಲ.

ಇಷ್ಟು ಹೇಳಿ ಗುರುಗಳು ಮತ್ತೆ ಮೊಣಕಾಲು ತಿಕ್ಕತೊಡಗಿದರು.

"ಆ ಸಮಿತಿಯವರು ಕಚೇರಿಯಲ್ಲಿ ಕೂತು ವಿಚಾರಿಸಿದ್ರು ಗುರುಗಳೇ, ಅದಕ್ಕೆ ಹಾಗಾಯ್ತು" ಎಂದ ಕೊಟ್ರೇಶ. "ನಮ್ಮದು ಹಾಗಲ್ಲ. ನಾನೇ ಆ ಹುಡುಗರ ಹಾಸ್ಟೆಲಿಗೆ ಹೋಗಿದ್ದೆ. ಎರಡು ದಿನ ಅಲ್ಲೇ ಇದ್ದು, ಅವರ ಜೊತೆಗೇ ಊಟ ಮಾಡಿ, ಒಬ್ಬೊಬ್ಬನನ್ನೂ ಮಾತಾಡಿಸಿ ಬಂದಿದ್ದೀನಿ. ಬೇರೆ ಯಾರಿಗೂ ಏನೂ ಗೊತ್ತಿರಲಿಲ್ಲ. ಆ ಹುಡುಗನೇ ನಾನೊಬ್ಬನೇ ಮಾಡಿದ್ದು ಅಂತ ಒಪ್ಪಿಕೊಂಡಿದ್ದಾನೆ."

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

"ಊಟಕ್ಕೆ ಕೂತಾಗ ಆ ಹುಡುಗನ ಪಕ್ಕ ಯಾರಿದ್ದರು?"