ಅರ ಕಚ್ಚದ ಸರಪಳಿ

ಕಬ್ಬಿಣ ತೇಯುವ ಅರವೂ ಕಚ್ಚಬಾರದು, ಅಷ್ಟು ಗಟ್ಟಿ ಕತ್ತಿಗಳು ಬೇಕೆಂದ ಪಾಳೇಗಾರ. ಅಂಥವು ಏಟಿಗೆ ಒಡೆಯುತ್ತವೆ ಎಂದ ಕಮ್ಮಾರ ಮೌನಪ್ಪ. ಎದುರು ಮಾತಾಡಿದ್ದಕ್ಕೆ ಅವನನ್ನು ಸೆರೆಗೆ ತಳ್ಳಿದರು. ತಿದಿ ಒತ್ತುತ್ತಿದ್ದ ಹೆಂಡತಿ ಕಾಳಮ್ಮನೇ ಕತ್ತಿಗಳನ್ನು ಮಾಡಿಕೊಟ್ಟಳು. ಪಾಳೇಗಾರ ಅಷ್ಟಕ್ಕೇ ಬಿಡಲಿಲ್ಲ.

"ನಿನ್ನ ಗಂಡನಿಗೆ ಸರಪಳಿಯನ್ನೂ ನೀನೇ ಮಾಡು. ಅವನು ಕಮ್ಮಾರ, ಅರ ಹಾಕಿ ಕೊಯ್ದಾನು. ಅದೂ ಅಷ್ಟೇ ಗಟ್ಟಿಯಿರಲಿ."

"ಅಪ್ಪಣೆ, ಬುದ್ಧಿ" ಎಂದಳು. ಕೆಂಪಗೆ ಕಾದ ಸರಪಳಿಯನ್ನು ನೀರಿಗೆ ಅದ್ದಿ ತೆಗೆದಳು. ಏಟು ತಾಳುವಂತೆ ಮತ್ತೆ ಸಣ್ಣ ಉರಿಯಲ್ಲಿಟ್ಟು ಹದ ಮಾಡಲಿಲ್ಲ. ಪಾಳೇಗಾರ ತಾನೇ ಅರ ಉಜ್ಜಿ ನೋಡಿದ. ಅರ ಜಾರಿತು. ಅವನ ಕೈ ಮೀಸೆಗೆ ಹೋಯಿತು.

ಮಾರನೆಯ ದಿನ ಸೆರೆಮನೆಯಲ್ಲಿ ಉಳಿದದ್ದು ಒಂದು ಗುಂಡುಕಲ್ಲು, ಗಾಜಿನಂತೆ ಚೂರಾದ ಸರಪಳಿ. ಮೌನಪ್ಪ ಇರಲಿಲ್ಲ.

ಕಾಳಮ್ಮನನ್ನು ಎಳೆದು ತಂದರು. "ಇವಳ ತಲೆ ತೆಗೀರಿ" ಎಂದ ಪಾಳೇಗಾರ.

"ತೆಗೆಸಿ, ಬುದ್ಧಿ. ಕತ್ತಿ ನಾನು ಮಾಡಿದ್ದಾದರೆ ಜೋಪಾನ. ಸರಪಳಿಗೆ ಕುಡಿಸಿದ ನೀರನ್ನೇ ಅದಕ್ಕೂ ಕುಡಿಸಿದ್ದೀನಿ."

ಭಟ ಎತ್ತಿದ ಕತ್ತಿ ಮೇಲೆಯೇ ನಿಂತಿತು. ಗಡಿಯಲ್ಲಿ ಶತ್ರು ಬೀಡುಬಿಟ್ಟಿದ್ದ. ಸೈನಿಕರ ಸೊಂಟದಲ್ಲೆಲ್ಲ ಅವೇ ಕತ್ತಿಗಳು.

ಪಾಳೇಗಾರನ ದನಿ ಇಳಿಯಿತು. "ಅವನ್ನು ಹದ ಮಾಡೋರು ಯಾರವ್ವಾ?"

"ಇದ್ದದ್ದು ಒಬ್ಬನೇ, ಬುದ್ಧಿ. ನಿನ್ನೆವರೆಗೂ ನಿಮ್ಮ ಸೆರೆಯಲ್ಲೇ ಇದ್ದ."