ಮನಸ್ಸಿತ್ತರಿ

ಹೊಳೆಬೂದಿಹಾಳದ ಸುಡುಗಾಡಿಗೂ ತುಂಗಭದ್ರೆಗೂ ನಡುವೆ ಒಂದು ಹಾಳು ಛತ್ರವಿತ್ತು. ಅದರ ಅರ್ಧ ಮಾಳಿಗೆ ಬಿದ್ದುಹೋಗಿತ್ತು. ಉಳಿದರ್ಧದ ಕೆಳಗೆ ಪರಮಪೂಜ್ಯ ಶ್ರೀ ಮರುಳವ್ವ ತಾಯಿಯವರು ವಾಸವಾಗಿದ್ದರು. ವಾಸವೆಂದರೆ ಏನು ಮಹಾ! ಮೂರು ಕಲ್ಲಿನ ಒಲೆ, ಒಂದು ಮಡಕೆ, ಸೂಜಿ ದಾರ, ಹರಕು ಬಟ್ಟೆಗಳ ರಾಶಿ. ಸತ್ತವರ ಮೈಮೇಲಿನಿಂದ ತೆಗೆದು ಜನ ಬಿಸಾಕಿ ಹೋದ ಸೀರೆ ಧೋತರಗಳನ್ನು ತಾಯಿಯವರು ಎತ್ತಿ ತಂದು, ಹೊಳೆಯಲ್ಲಿ ಒಗೆದು, ಬಿಸಿಲಿಗೆ ಹರವಿ, ಕೌದಿ ಹೊಲಿಯುತ್ತಿದ್ದರು. ಚಳಿಗಾಲ ಬಂತೆಂದರೆ ಆ ಕೌದಿಗಳು ದಿಕ್ಕಿಲ್ಲದವರ ಮೈಮೇಲೆ ಹೋಗುತ್ತಿದ್ದವು. ಊರಿನ ಮಡಿವಂತರು ಮೂಗು ಮುಚ್ಚಿಕೊಂಡು ದೂರದಿಂದ ಹಾದು ಹೋಗುತ್ತ, ‘ಹೆಸರಿಗೆ ತಕ್ಕ ಮರುಳಿ’ ಎನ್ನುತ್ತಿದ್ದರು. ಅನ್ನಲಿ ಬಿಡಿ, ಆಡುವವರ ಬಾಯಿಗೆ ಅಡ್ಡ ಯಾರು? ಹೆಣ ಮುಟ್ಟಿದ ಬಟ್ಟೆಯಲ್ಲಿ ಮೈಲಿಗೆ ಕಂಡವರು ಅವರು, ಚಳಿಗೆ ನಡುಗುವ ಮೈಯನ್ನು ಕಂಡವರು ನಮ್ಮ ತಾಯಿಯವರು.

ರಾಣಿ ಸರಕಾರದ ಆ ಕಾಲದಲ್ಲಿ, ಒಂದು ಬೇಸಗೆಯ ಮಧ್ಯಾಹ್ನ, ಧೋಂಡೋಪಂತ ಕಾಖಂಡಕಿ ಎಂಬವರು ಆ ಛತ್ರಕ್ಕೆ ಬಂದರು. ಪಂತರು ಜಿಲ್ಲೆಯ ದೊಡ್ಡ ಕೋರ್ಟಿನಲ್ಲಿ ದುಭಾಷಿ. ಬಿಳಿಯ ಜಡ್ಜಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಕೇಳುವುದು, ಆರೋಪಿ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಅವರ ನೌಕರಿ. ತಲೆಯ ಮೇಲೆ ಜರಿಯ ರುಮಾಲು, ಮೈಮೇಲೆ ಕೋಟು, ಆದರೆ ಕಣ್ಣು ಗುಳಿಬಿದ್ದಿದ್ದವು. ಮೈ ಒಣಗಿ ಕೋಟು ಜೋತುಬಿದ್ದಿತ್ತು. ಭಕ್ತಿಯಿಂದ ಬಂದವರಲ್ಲ ಅವರು. ತಿರುಗಬೇಕಾದಲ್ಲೆಲ್ಲ ತಿರುಗಿ, ಕಡೆಗೆ ಹೆಂಡತಿಯ ಕಾಟ ತಾಳಲಾರದೆ ಬಂದವರು.

ತಾಯಿಯವರು ಕೌದಿ ಹೊಲಿಯುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ.

“ಅವ್ವಾರ, ನನಗ ನಿದ್ದಿ ಇಲ್ಲ,” ಎಂದರು ಪಂತರು. “ಶಾಸ್ತ್ರಿಗಳು ಜಪ ಕೊಟ್ರು, ಮಾಡಿದೆ. ವೈದ್ಯರು ಕಷಾಯ ಕೊಟ್ರು, ಕುಡದೆ. ಕಣ್ಣು ಮುಚ್ಚಿದ್ರ ಒಬ್ಬಾಂವ ಬಂದು ಎದುರಿಗೆ ನಿಲ್ತಾನ.”

“ಯಾರವ?” ಎಂದರು ತಾಯಿಯವರು.

ಆಗ ಪಂತರು ನಡೆದದ್ದನ್ನು ಹೇಳಿದರು.

ಹೊಳೆಯ ಮೇಲಿನ ದಿಕ್ಕಿನಲ್ಲಿ ಗಂಗೀಕೊಪ್ಪ ಎಂಬ ಹಳ್ಳಿ. ಅಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುವ ಅಂಬಿಗರ ದುರಗಪ್ಪ. ಅವನ ತಂಗಿ ದ್ಯಾಮವ್ವ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದಳು. ದುರಗಪ್ಪನ ಗೆಳೆಯ ಲಕ್ಕಪ್ಪ ಅವಳನ್ನು ಉಡಿಕೆಯಾಗಬೇಕೆಂದಿದ್ದ. ವಿಧವೆಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿ ಅವರಲ್ಲಿ ಹಿಂದಿನಿಂದಲೂ ಇದೆ. ಹೊಳೆಗೆ ಹೊಸ ನೀರು ಬಂದ ದಿನ ಗೆಳೆಯರಿಬ್ಬರೂ ಒಂದೇ ಹರಿಗೋಲಿನಲ್ಲಿ ಹೋದರು. ಹರಿಗೋಲು ಮಗುಚಿತು. ದುರಗಪ್ಪ ಈಜಿ ಬಂದ. ಲಕ್ಕಪ್ಪನ ಹೆಣ ಕೆಳಗಿನ ಮಡುವಿನಲ್ಲಿ ಸಿಕ್ಕಿತು, ತಲೆ ಒಡೆದಿತ್ತು. ಬಂಡೆಗೆ ಬಡಿಯಿತು ಎಂದ ದುರಗಪ್ಪ. ಹರಿಗೋಲಿನ ಹುಟ್ಟಿನಿಂದ ಇವನೇ ಹೊಡೆದ ಎಂದರು ಲಕ್ಕಪ್ಪನ ದಾಯಾದಿಗಳು.

ಕಂಡವರು ಯಾರೂ ಇರಲಿಲ್ಲ. ಸಾಹೇಬರಿಗೂ ಅನುಮಾನವೇ ಇತ್ತು. ಗೆಳೆಯನನ್ನು ಗೆಳೆಯ ಯಾಕೆ ಕೊಂದಾನು? ಅದೊಂದೇ ಗಂಟು. ಆ ಗಂಟು ಬಿಚ್ಚಲೆಂದೇ ಅವರು ಕಡೆಗೆ ಒಂದು ಪ್ರಶ್ನೆ ಹಾಕಿದರು: ಲಕ್ಕಪ್ಪ ನಿನ್ನ ತಂಗಿಗಾಗಿ ನಿನ್ನ ಮನೆಗೆ ಬರುತ್ತಿದ್ದನಲ್ಲ, ನೀನು ಅದನ್ನು ಮೈಂಡ್ ಮಾಡುತ್ತಿದ್ದೆಯಾ?

ಪಂತರು ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತದ್ದು ಒಂದೇ ಪಾಠ: ಮೈಂಡ್ ಎಂದರೆ ಮನಸ್ಸು. ಅಲ್ಲಿಗೆ ಮುಗಿಯಿತು! ನಮ್ಮಲ್ಲಿ ಮನಸ್ಸು ಒಂದೇ ಇದ್ದರೂ ಅದರ ಸಂಸಾರ ದೊಡ್ಡದು. ಮನಸ್ಸು ಮಾಡುವುದು ಬೇರೆ, ಮನಸ್ಸಿಗೆ ಹಚ್ಚಿಕೊಳ್ಳುವುದು ಬೇರೆ, ಮನಸ್ಸು ಮುರಿಯುವುದು ಬೇರೆ, ಒಬ್ಬರ ಮೇಲೆ ಮನಸ್ಸಾಗುವುದೇ ಬೇರೆ. ಅವರ ಮೈಂಡಿಗೂ ಹಾಗೆಯೇ ನೂರೆಂಟು ನೆಂಟರು ಇರಬಹುದು ಎಂದು ಪಂತರಿಗೆ ಹೊಳೆಯಲಿಲ್ಲ. ಅವರು ದುರಗಪ್ಪನ ಕಡೆ ತಿರುಗಿ, “ಲಕ್ಕಪ್ಪ ನಿಮ್ಮ ಮನಿಗೆ ಬರೂದು ನಿನಗ ಮನಸ್ಸಿತ್ತೇನು?” ಎಂದು ಕೇಳಿದರು.

ದುರಗಪ್ಪ ಕೈಮುಗಿದು, “ಇತ್ತರಿ ಎಪ್ಪಾ. ಭಾಳ ಮನಸ್ಸಿತ್ತರಿ,” ಎಂದ. ಹೇಳುತ್ತ ಅತ್ತ.

ಪಂತರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು: ಹೌದು, ನಾನು ಬಹಳ ಮೈಂಡ್ ಮಾಡುತ್ತಿದ್ದೆ.

ಸಾಹೇಬರ ಭಾಷೆಯಲ್ಲಿ ಅದರ ಅರ್ಥ, ಅವನು ಬರುವುದು ನನಗೆ ಸುತರಾಂ ಸೇರುತ್ತಿರಲಿಲ್ಲ ಎಂದು. ಸಾಹೇಬರು ಬರೆದುಕೊಂಡರು. ಆರೋಪಿ ಅತ್ತದ್ದನ್ನೂ ಪಶ್ಚಾತ್ತಾಪವೆಂದು ಬರೆದುಕೊಂಡರು. ಅವನ ಪರವಾಗಿ ಸರಕಾರ ಕೊಟ್ಟ ವಕೀಲ ಹೊರಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ದುರಗಪ್ಪನಿಗೆ ಗಲ್ಲಾಯಿತು.

ಕೆಲವು ತಿಂಗಳ ಮೇಲೆ ಪಂತರು ಇನ್ನೊಬ್ಬ ಸಾಹೇಬರ ಜೊತೆ ರೈಲಿನಲ್ಲಿ ಹೋಗುತ್ತಿದ್ದರು. ಕಿಟಕಿ ತೆರೆದರೆ ನೀವು ಮೈಂಡ್ ಮಾಡುತ್ತೀರಾ ಎಂದು ಸಾಹೇಬರು ಕೇಳಿದರು. ಪಂತರು ಸಂತೋಷದಿಂದ, ಎಸ್ ಸರ್, ಎಸ್ ಸರ್ ಎಂದರು. ಸಾಹೇಬರು ಮುಖ ಸಿಂಡರಿಸಿಕೊಂಡು, ಬೆವರಿಳಿಸುತ್ತ, ಮುಚ್ಚಿದ ಕಿಟಕಿಯ ಹತ್ತಿರ ಹಾಗೆಯೇ ಕುಳಿತರು. ಇಳಿದ ಮೇಲೆ ಜೊತೆಗಿದ್ದ ಹಿರಿಯ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ರೀ ಪಂತ್ರ, ಅಡ್ಡಿ ಏನರೆ ಅದ ಏನು ಅಂತ ಅವರು ಕೇಳಿದ್ರ, ಹೌದು ಅದ ಅಂದ್ರಲ್ರೀ ನೀವು!”

ಪಂತರೂ ನಕ್ಕರು. ನಗುತ್ತ ನಗುತ್ತ ಅವರಿಗೆ ದುರಗಪ್ಪನ ನೆನಪಾಯಿತು. ಆ ರಾತ್ರಿಯಿಂದಲೇ ಅವರ ನಿದ್ದೆ ಹೋಯಿತು.

ಇಷ್ಟು ಹೇಳಿ ಪಂತರು ರುಮಾಲು ತೆಗೆದು ನೆಲದ ಮೇಲಿಟ್ಟರು. “ನಾ ಬೇಕಂತ ಮಾಡಿಲ್ಲ ಅವ್ವಾರ. ನನ್ನ ಮನಸ್ಸಿನ್ಯಾಗ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಮನಃಪೂರ್ವಕ ಮಾಡದ್ದು ಪಾಪ ಅಲ್ಲ ಅಂತ ಶಾಸ್ತ್ರಿಗಳೂ ಅಂದಾರ. ನೀವೂ ಅದನ್ನ ಒಂದು ಮಾತು ಅಂದುಬಿಡ್ರಿ, ನಾ ಮಲಗ್ತೀನಿ.”

ಎಂಥಾ ಬೇಡಿಕೆ ನೋಡಿ! ಸತ್ತವನು ಮಣ್ಣಿನಲ್ಲಿ, ಇವರಿಗೆ ಬೇಕಾದದ್ದು ನಿದ್ದೆ. ಆದರೂ ತಾಯಿಯವರ ಮುಖದಲ್ಲಿ ಸಿಟ್ಟಿನ ಸುಳಿವೂ ಕಾಣಲಿಲ್ಲವಂತೆ. ಸೂಜಿ ನಿಲ್ಲಿಸಿ ಕೇಳಿದರು:

“ಅಂವ ಏನಂದಿದ್ದ?”

“ಇತ್ತರಿ, ಭಾಳ ಮನಸ್ಸಿತ್ತರಿ ಅಂದಿದ್ದ.”

“ಅದನ್ನ ಅವನ ಮನಿಯವರಿಗೆ ಹೇಳಿಯೇನು?”

“ಇಲ್ಲ. ಹೇಳಿದ್ರ ನನ್ನ ನೌಕರಿ ಹೋಗ್ತದ. ಅವರು ನನ್ನ ಕೈಕಾಲು ಮುರೀತಾರ.”

“ಅಂದ್ರ ಅವನ ಮಾತು ಇನ್ನೂ ನಿನ್ನ ಹತ್ರನ ಐತಿ,” ಎಂದರು ತಾಯಿಯವರು. “ಇನ್ನೊಬ್ಬರ ಮಾತು ಒಳಗ ಇಟ್ಕೊಂಡು ನಿದ್ದಿ ಬರವಲ್ದು ಅಂತೀಯಲ್ಲೊ ತಮ್ಮಾ! ಯಾರದೋ ಅವರಿಗೆ ಕೊಟ್ಟು ಬಾ.”

ಮತ್ತೆ ಸೂಜಿ ನಡೆಯಿತು. ಪಂತರು ಬೇಡಿಕೊಂಡರು, ವಾದ ಹೂಡಿದರು, ಕೊನೆಗೆ ರೇಗಿದರು. ಸೂಜಿ ನಿಲ್ಲಲಿಲ್ಲ. ಹೊತ್ತು ಇಳಿಯುವ ತನಕ ಕುಳಿತಿದ್ದ ಪಂತರು ರುಮಾಲು ಸುತ್ತಿಕೊಂಡು ಎದ್ದು ಹೋದರು. ಮನೆಯ ದಾರಿ ಹಿಡಿದವರು ಅರ್ಧದಲ್ಲೇ ತಿರುಗಿ, ಮರುದಿನ ಬೆಳಿಗ್ಗೆ ಗಂಗೀಕೊಪ್ಪ ಮುಟ್ಟಿದರು.

ದ್ಯಾಮವ್ವ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಒಳಗೆ ಕಣ್ಣು ಕಾಣದ ಮುದುಕಿ ತಾಯಿ. ಊರಿನವರು ಆ ಮನೆಯ ಜೊತೆ ನೀರು ಬೆಂಕಿಯ ಬಳಕೆ ಬಿಟ್ಟಿದ್ದರು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಕೊಲೆ ಮಾಡಿದೆನೆಂದು ಕೋರ್ಟಿನಲ್ಲಿ ದುರಗಪ್ಪನೇ ಒಪ್ಪಿಕೊಂಡ ಎಂದು ಊರಿಗೆ ಸುದ್ದಿ ಬಂದಿತ್ತು. ಒಡಹುಟ್ಟಿದ ಅಣ್ಣ ಬಾಯಲ್ಲಿ ಹೂಂ ಎಂದು ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡು ತನ್ನ ಬಾಳನ್ನು ಹೊಳೆಗೆ ಹಾಕಿದ ಎಂದೇ ಆಕೆ ನಂಬಿದ್ದಳು. ಜೈಲಿನವರು ಹೆಣ ಒಯ್ಯಿರಿ ಎಂದು ಹೇಳಿ ಕಳಿಸಿದಾಗ, ಅವನು ನಮಗೆ ಏನೂ ಆಗಬೇಕಿಲ್ಲ ಎಂದು ತಿರುಗಿಸಿ ಕಳಿಸಿದವಳು ಆಕೆಯೇ. ಮಾರ್ನೋಮಿಗೆ ಸತ್ತ ಹಿರಿಯರಿಗೆಲ್ಲ ಎಡೆ ಹಾಕಿದಳು. ಅಣ್ಣನ ಹೆಸರಿನಲ್ಲಿ ಹಾಕಲಿಲ್ಲ.

ಪಂತರು ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಇಂಗ್ಲಿಷಿನ ಪ್ರಶ್ನೆ, ತಾವು ಕೇಳಿದ್ದು, ಅವನು ಹೇಳಿದ್ದು, ತಾವು ತಿರುಗಿಸಿದ್ದು. ದ್ಯಾಮವ್ವನಿಗೆ ಮೊದಲು ತಿಳಿಯಲಿಲ್ಲ.

“ನಮ್ಮಣ್ಣ ಏನಂದ? ಅವ ಅಂದಂಗ ಅನ್ರಿ.”

“ಇತ್ತರಿ ಎಪ್ಪಾ, ಭಾಳ ಮನಸ್ಸಿತ್ತರಿ.”

“ನಮ್ಮವ್ವಗ ಕೇಳಿಸಿಲ್ಲ. ಇನ್ನೊಮ್ಮೆ ಅನ್ರಿ.”

ಪಂತರು ಹೊಸ್ತಿಲ ಹತ್ತಿರ ಹೋಗಿ ಮತ್ತೆ ಹೇಳಿದರು. ಒಳಗಿನಿಂದ ಮುದುಕಿ ಕೂಗಿದ ಕೂಗಿಗೆ ಕೇರಿಯೆಲ್ಲ ಓಡಿಬಂತು. ದ್ಯಾಮವ್ವ ಎದೆ ಬಡಿದುಕೊಂಡು ಮಣ್ಣಿನಲ್ಲಿ ಹೊರಳಾಡಿದಳು. “ಹೆಣಾನೂ ತರಲಿಲ್ಲೋ ಯಣ್ಣಾ! ನಿನ್ನ ಮಾರಿಗೆ ಒಂದು ಹಿಡಿ ಮಣ್ಣೂ ಹಾಕಲಿಲ್ಲೋ!” ಕೇರಿಯ ಗಂಡಸರು ಪಂತರ ಕೊರಳಪಟ್ಟಿಗೆ ಕೈಹಾಕಿದರು. ಆಕೆಯೇ ಎದ್ದು ಬಂದು ಬಿಡಿಸಿದಳು. ಕರುಣೆಯಿಂದಲ್ಲ. ಆಕೆಗೆ ಒಂದು ಮಾತು ಕೇಳುವುದಿತ್ತು.

“ಎಲ್ಲಿ ಹೂಳ್ಯಾರ ಅವನ್ನ?”

ಪಂತರಿಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳು ನಿದ್ದೆಗೆಟ್ಟವರು ಅದೊಂದನ್ನು ಯಾರನ್ನೂ ಕೇಳಿರಲಿಲ್ಲ.

ಹೊಳೆಯ ದಂಡೆ ಹಿಡಿದು ಅವರು ಓಡುತ್ತಲೇ ಛತ್ರಕ್ಕೆ ಬಂದರು. “ಎಲ್ಲಿ ಹೂಳ್ಯಾರ ಅಂತ ಕೇಳ್ತಾಳ ಅವ್ವಾರ, ನನಗ ಗೊತ್ತಿಲ್ಲ,” ಎಂದರು. ತಾಯಿಯವರು ಹೊಲಿಯುತ್ತಿದ್ದ ಕೌದಿಯನ್ನು ಮಡಚಿಟ್ಟು ಎದ್ದುನಿಂತರು. ಎಂದೂ ಆ ದಂಡೆ ಬಿಟ್ಟು ಕದಲದ ಅವರು, “ನಡಿ,” ಎಂದಷ್ಟೇ ಅಂದರು.

ಗಂಗೀಕೊಪ್ಪದಿಂದ ದ್ಯಾಮವ್ವ ಅಣ್ಣನ ಎಡೆಗೆಂದು ರೊಟ್ಟಿ, ಪುಂಡಿಪಲ್ಯ, ನುಚ್ಚು, ಮೀನಿನ ಸಾರು ಮಾಡಿಕೊಂಡು ಬುಟ್ಟಿ ಹೊತ್ತು ಅವರ ಜೊತೆ ಜೈಲಿಗೆ ಬಂದಳು. ಜೈಲಿನ ಅಧಿಕಾರಿ ಒಬ್ಬ ಬಿಳಿಯ ಸಾಹೇಬ. ಪಂತರು ಕೋರ್ಟಿನವರೆಂದು ಒಳಗೆ ಬಿಟ್ಟು ತಾನೂ ಜೊತೆಗೆ ಬಂದ. ಹಿತ್ತಲಗೋಡೆಯ ಆಚೆ ಜಾಲಿ ಬೆಳೆದ ಉದ್ದನೆಯ ಹಾಳುನೆಲ. ವಾರಸುದಾರರಿಲ್ಲದ ಕೈದಿಗಳೆಲ್ಲ ಅಲ್ಲೇ. ಗುರುತಿನ ಕಲ್ಲಿಲ್ಲ, ದಿಬ್ಬವಿಲ್ಲ, ಮಳೆಗೆ ಎಲ್ಲ ಸಮವಾಗಿತ್ತು. ಹೂಳಿದ ಕಾವಲುಗಾರನನ್ನು ಕರೆಸಿ ಕೇಳಿದರೆ ಅವನು ಕೈಯನ್ನು ಈ ತುದಿಯಿಂದ ಆ ತುದಿಗೆ ಆಡಿಸಿ, “ಇದರಾಗ ಎಲ್ಲೋ ಒಂದು ಕಡಿ,” ಎಂದ.

ದ್ಯಾಮವ್ವ ಬುಟ್ಟಿ ಹಿಡಿದು ನಿಂತೇ ಇದ್ದಳು. ಎಲ್ಲಿ ಇಡುವುದು? ಯಾವ ಮಣ್ಣಿಗೆ ಅಣ್ಣಾ ಎನ್ನುವುದು?

ಆಗ ತಾಯಿಯವರು ಆಕೆಯ ಹೆಗಲ ಮೇಲೆ ಕೈಯಿಟ್ಟು ನುಡಿದರು: “ಎಲ್ಲಾರಿಗೂ ಇಡು ಮಗಳ. ಇಲ್ಲಿ ಹಸದಾಂವ ಅವನೊಬ್ಬನ ಅಲ್ಲ.”

ಇಟ್ಟಳು. ರೊಟ್ಟಿಯನ್ನು ಚೂರು ಚೂರು ಮುರಿದು, ಮುತ್ತುಗದೆಲೆಯ ಮೇಲೆ ತುತ್ತು ತುತ್ತಾಗಿ, ಆ ನೆಲದ ಉದ್ದಕ್ಕೂ ಇಡುತ್ತ ಹೋದಳು. ಕಳ್ಳರು, ಕೊಲೆಗಡುಕರು, ನಿರಪರಾಧಿಗಳು, ಯಾರಿಗೆ ಯಾವುದು ಎಂದು ಯಾರು ಬಲ್ಲರು? ತಾಯಿಯವರು ಹಿಂದೆ ಹಿಂದೆ ನೀರು ಬಿಡುತ್ತ ಬಂದರು. ಕೊನೆಯ ಎಡೆ ಇಟ್ಟು ದ್ಯಾಮವ್ವ ತಿರುಗಿದಳು. ಪಂತರು ಬರಿದಲೆಯಲ್ಲಿ, ಕೈಮುಗಿದು, ಮುಳ್ಳಿನಲ್ಲಿ ಮೊಣಕಾಲೂರಿದ್ದರು.

ಆಕೆ ಬರಿದಾದ ಬುಟ್ಟಿಯನ್ನು ಕೆಳಗಿಟ್ಟಳು. “ನಿಮ್ಮನ್ನ ಕ್ಷಮಾ ಮಾಡೂ ಮನಸ್ಸಿಲ್ಲರಿ ನನಗ,” ಎಂದಳು. “ತಾಯಿಯಾರ ಮುಂದ ಸುಳ್ಳ ಹೇಳಂಗಿಲ್ಲ. ಮನಸ್ಸಿಲ್ಲ.”

ತಾಯಿಯವರು ಆಕೆಯನ್ನು ಗದರಲಿಲ್ಲ, ಒಲಿಸಲೂ ಇಲ್ಲ.

ದೂರದಲ್ಲಿ ನಿಂತಿದ್ದ ಸಾಹೇಬನಿಗೆ ಆ ಹೆಂಗಸು ಏನೋ ಹೇಳಿದಳೆಂದಷ್ಟೇ ತಿಳಿಯಿತು. ಏನು ಹೇಳಿದಳು ಎಂದು ಪಂತರನ್ನು ಇಂಗ್ಲಿಷಿನಲ್ಲಿ ಕೇಳಿದ. ಉಪಕಾರ ನೆನೆಯುತ್ತಿದ್ದಾಳೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕನ್ನಡ ಬಾರದ ಸಾಹೇಬ, ಇಂಗ್ಲಿಷು ಬಾರದ ಅಂಬಿಗರ ಹೆಂಗಸು, ಹಿಡಿಯುವವರು ಯಾರು?

ಪಂತರು ಎದ್ದುನಿಂತರು. ಅದೇ ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದರು: “ನನ್ನನ್ನು ಕ್ಷಮಿಸುವುದಿಲ್ಲ ಎನ್ನುತ್ತಿದ್ದಾಳೆ, ಸಾಹೇಬರೇ. ಆಕೆಯ ಅಣ್ಣನ ಮಾತನ್ನು ನಾನು ಕೋರ್ಟಿನಲ್ಲಿ ತಿರುಗುಮುರುಗು ಮಾಡಿದೆ. ಅದರಿಂದ ಅವನಿಗೆ ಗಲ್ಲಾಯಿತು. ದಯವಿಟ್ಟು ಇದನ್ನು ಬರೆದುಕೊಳ್ಳಿರಿ, ನಾನು ಸಹಿ ಮಾಡುತ್ತೇನೆ.”

ನೌಕರಿ ಅದೇ ವಾರ ಹೋಯಿತು. ಮೇಲಿನವರು ಮುಗಿದ ಖಟ್ಲೆಯನ್ನು ಮತ್ತೆ ತೆರೆಯಲಿಲ್ಲ. ಸರಕಾರಿ ಕಾಗದದಲ್ಲಿ ದುರಗಪ್ಪ ಕಡೆಯವರೆಗೂ ಕೊಲೆಗಾರನಾಗಿಯೇ ಉಳಿದ. ಆದರೆ ಪಂತರು ಅಷ್ಟಕ್ಕೇ ಕೂರಲಿಲ್ಲ. ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಸಂತೆಯಿದ್ದ ಕಡೆಯೆಲ್ಲ ನಿಂತು, ಗಂಗೀಕೊಪ್ಪದ ದುರಗಪ್ಪ ಹೀಗೆ ಅಂದಿದ್ದ, ನಾನು ಹೀಗೆ ಮಾಡಿದೆ ಎಂದು ಸಾರಿ ಹೇಳಿದರು. ಕೆಲವರು ಉಗಿದರು, ಕೆಲವರು ಕಲ್ಲು ಬೀರಿದರು. ಅವರ ಬಂಧುಗಳು ಹುಚ್ಚು ಹಿಡಿದಿದೆ ಎಂದು ಮುಖ ತಿರುಗಿಸಿದರು. ಕಡೆಗೆ ಲಕ್ಕಪ್ಪನ ದಾಯಾದಿಗಳೇ ತಲೆತಗ್ಗಿಸಿ ದ್ಯಾಮವ್ವನ ಅಂಗಳಕ್ಕೆ ಬಂದರು. ಊರು ಆ ಮನೆಯ ಜೊತೆ ಮತ್ತೆ ನೀರು ಬೆಂಕಿ ಕೂಡಿತು.

ಆ ವರ್ಷದ ಮಾರ್ನೋಮಿಗೆ ದುರಗಪ್ಪನ ಹೆಸರಿನಲ್ಲಿ ಎಡೆ ಬಿತ್ತು. ಪಂತರು ಕೇರಿಯ ಹೊರಗೆ, ಬೇವಿನ ಕೆಳಗೆ ಕುಳಿತಿದ್ದರು. ದ್ಯಾಮವ್ವ ಅವರನ್ನು ಕಂಡಳು. ಒಳಗೆ ಕರೆಯಲಿಲ್ಲ. ಅವರು ಬದುಕಿರುವ ತನಕ ಯಾವ ವರ್ಷವೂ ಕರೆಯಲಿಲ್ಲ. ಅವರು ಯಾವ ವರ್ಷವೂ ಹೋಗದೆ ಇರಲಿಲ್ಲ.